ಓದು ಬಾರದ ಅಜ್ಜಿಗೆ ಏನೇನು ಗೊತ್ತಿತ್ತು

1917ರ ಫೆಬ್ರವರಿ 5ರಂದು ಅಮೆರಿಕದ ಸಂಸತ್ತು ಒಂದು ವಲಸೆ ಕಾನೂನನ್ನು ಪಾಸು ಮಾಡಿತು. ಅಧ್ಯಕ್ಷ ವುಡ್ರೋ ವಿಲ್ಸನ್ ಅದಕ್ಕೆ ಸಹಿ ಹಾಕಲು ಒಪ್ಪಿರಲಿಲ್ಲ. ಸಂಸತ್ತು ಅವರ ಮಾತನ್ನು ಮೀರಿ ಅದನ್ನು ಜಾರಿಗೆ ತಂದಿತು. ಹೊಸದಾಗಿ ಬರುವವರಲ್ಲಿ 16 ವರ್ಷ ದಾಟಿದವರಿಗೆ ಓದಲು ಬರಬೇಕು ಅನ್ನುವುದು ಅದರ ಒಂದು ಮುಖ್ಯ ಷರತ್ತು. ಮೂವತ್ತು ನಲವತ್ತು ಪದಗಳಿರುವ ಒಂದು ಚೀಟಿ ಕೊಡುತ್ತಾರೆ, ಅದನ್ನು ಓದಿ ತೋರಿಸಬೇಕು. ಯಾವ ಭಾಷೆಯಾದರೂ ಸರಿ. ಯಹೂದಿಗಳ ಪ್ರಾರ್ಥನೆಯ ಭಾಷೆ ಹೀಬ್ರೂ, ಪೂರ್ವ ಯುರೋಪಿನ ಯಹೂದಿಗಳ ಮನೆಮಾತು ಯಿಡ್ಡಿಷ್, ಈ ಎರಡರ ಹೆಸರನ್ನೂ ಕಾನೂನಿನಲ್ಲೇ ಬರೆದಿದ್ದರು.

ಕೆಲವರಿಗೆ ಮಾತ್ರ ಈ ಪರೀಕ್ಷೆ ಬೇಡ ಎಂದಿತ್ತು. ಒಳಗೆ ಬರಲು ಅರ್ಹನಾದವನು ತನ್ನ ಹೆಂಡತಿ, ತಾಯಿ, 55 ದಾಟಿದ ತಂದೆ ಅಥವಾ ಅಜ್ಜ, ಮದುವೆಯಾಗದ ಅಥವಾ ಗಂಡ ಸತ್ತ ಮಗಳು, ಇವರನ್ನು ಓದು ಬಾರದಿದ್ದರೂ ಕರೆಸಿಕೊಳ್ಳಬಹುದು. ಆ ಪಟ್ಟಿಯಲ್ಲಿ ಇನ್ನೂ ಒಂದು ಪದ ಇದೆ. ಅಜ್ಜಿ.

ಕಾನೂನಿನ ಪುಸ್ತಕದಲ್ಲಿ ಅಜ್ಜಿ ಅನ್ನುವ ಪದ ಸಿಗುವುದು ಅಪರೂಪ. ಮೊದಲ ಸಲ ಅದನ್ನು ನೋಡಿದಾಗ ನನಗೆ ಖುಷಿಯಾಯಿತು. ಸ್ವಲ್ಪ ಹೊತ್ತು ಕಳೆದ ಮೇಲೆ ಬೇರೆ ಥರ ಅನ್ನಿಸಿತು. ಈ ರಿಯಾಯಿತಿಯ ಹಿಂದೆ ಕರುಣೆ ಇತ್ತು, ನಿಜ. ಜೊತೆಗೆ ‘ಪಾಪ ಮುದುಕಿ, ಇವಳಿಂದ ಏನಾಗಬೇಕಿದೆ, ಬಂದು ಮೂಲೆಯಲ್ಲಿ ಕೂತಿರಲಿ’ ಅನ್ನುವ ಭಾವನೆಯೂ ಇತ್ತು. ಹಾಗೆ ಬಂದ ಅಜ್ಜಿಗೆ ಏನೇನು ಗೊತ್ತಿತ್ತು, ಅದರಲ್ಲಿ ಹೊಸ ದೇಶದಲ್ಲಿ ಯಾವುದು ಕೆಲಸಕ್ಕೆ ಬಂತು, ಯಾವುದು ಬರಲಿಲ್ಲ ಅನ್ನುವುದನ್ನು ಇಲ್ಲಿ ಬಿಡಿಸಿ ಹೇಳಬೇಕು ಅಂತ ನನ್ನ ಆಸೆ.

ನಾನು ಹೇಳುತ್ತಿರುವುದು ಪೂರ್ವ ಯುರೋಪಿನಿಂದ ನ್ಯೂಯಾರ್ಕಿಗೆ ಬಂದ ಯಹೂದಿ ಅಜ್ಜಿಯ ಬಗ್ಗೆ. ಯಿಡ್ಡಿಷ್‌ನಲ್ಲಿ ಅಜ್ಜಿಗೆ ‘ಬೋಬೆ’ ಅನ್ನುತ್ತಾರೆ. ನಾನೂ ಹಾಗೇ ಕರೆಯುತ್ತೇನೆ. ಇವಳು ಯಾರೋ ಒಬ್ಬಳೇ ಅಲ್ಲ, ಅಂಥ ಸಾವಿರಾರು ಅಜ್ಜಿಯರು ಸೇರಿದ ಒಬ್ಬಳು.

ಮೊದಲು ಅವಳ ಊರು. ಹದಿನೆಂಟನೇ ಶತಮಾನದ ಕೊನೆಯಿಂದ ರಷ್ಯಾದ ಸಾಮ್ರಾಜ್ಯ ಯಹೂದಿಗಳಿಗೆ ಒಂದು ಗೆರೆ ಎಳೆದಿತ್ತು. ಪಶ್ಚಿಮದ ಕೆಲವು ಪ್ರಾಂತ್ಯಗಳಲ್ಲಿ ಮಾತ್ರ ನೀವಿರಬೇಕು, ಆಚೆ ಹೋಗಬಾರದು ಅಂತ. ಈಗಿನ ಲಿಥುವೇನಿಯ, ಬೆಲಾರುಸ್, ಉಕ್ರೇನ್, ಮೊಲ್ಡೋವಾಗಳ ಬಹಳಷ್ಟು ನೆಲ ಆ ಗೆರೆಯೊಳಗೇ ಬರುತ್ತದೆ. ಅಲ್ಲಿ ಯಹೂದಿಗಳು ಜಾಸ್ತಿ ಇದ್ದ ಸಣ್ಣ ಪೇಟೆಗೆ ‘ಶ್ಟೆಟ್ಲ್’ ಅಂತ ಹೆಸರು. ನಡುವೆ ಒಂದು ಸಂತೆ ಮೈದಾನ, ಸುತ್ತ ಮರದ ಮನೆಗಳು, ಪ್ರಾರ್ಥನಾ ಮಂದಿರ, ಸ್ನಾನದ ಮನೆ, ಊರಾಚೆ ಸ್ಮಶಾನ.

1881ರ ಮಾರ್ಚಿನಲ್ಲಿ ಚಕ್ರವರ್ತಿ ಎರಡನೇ ಅಲೆಕ್ಸಾಂಡರನ ಕೊಲೆಯಾಯಿತು. ಅದರ ಬೆನ್ನಿಗೇ ಯಹೂದಿಗಳ ಮೇಲೆ ಗುಂಪು ಹಲ್ಲೆಗಳು ಶುರುವಾದವು. ಅವಕ್ಕೆ ‘ಪೋಗ್ರೋಮ್’ ಅನ್ನುತ್ತಾರೆ. ಮರುವರ್ಷ ಬಂದ ಕಾನೂನು ಯಹೂದಿಗಳು ಹಳ್ಳಿಗಳಲ್ಲಿ ಹೊಸದಾಗಿ ನೆಲೆಸದಂತೆ ತಡೆಯಿತು. 1903ರಲ್ಲಿ ಕಿಶಿನೇವ್ ಪಟ್ಟಣದಲ್ಲಿ 49 ಜನ ಸತ್ತರು. 1905ರಲ್ಲಿ ಒಡೆಸ್ಸಾ ಮತ್ತು ಎಷ್ಟೋ ಊರುಗಳು ಹೊತ್ತಿ ಉರಿದವು. ಇದರ ಜೊತೆಗೆ ಬಡತನ. ರೈಲು ಬಂದು ಗಾಡಿ ಹೊಡೆಯುವವರ ಹೊಟ್ಟೆಗೆ ಹೊಡೆಯಿತು. ಕಾರ್ಖಾನೆ ಬಂದು ಕೈಕೆಲಸದವರ ಅನ್ನ ಕಿತ್ತುಕೊಂಡಿತು. 1881ರಿಂದ 1924ರವರೆಗೆ 20 ಲಕ್ಷಕ್ಕೂ ಹೆಚ್ಚು ಯಹೂದಿಗಳು ಪೂರ್ವ ಯುರೋಪು ಬಿಟ್ಟು ಅಮೆರಿಕಕ್ಕೆ ಹೋದರು.

ಬಂದವರಲ್ಲಿ ಬಹುಪಾಲು ಹರೆಯದವರು ಮತ್ತು ಮಕ್ಕಳು. 45 ದಾಟಿದವರು ನೂರಕ್ಕೆ ಐದಾರು ಜನ ಅಷ್ಟೇ. ಅಂದರೆ ವಯಸ್ಸಾದ ಮೇಲೆ ಹಡಗು ಹತ್ತಿದ ಬೋಬೆಯರು ಕಡಿಮೆ. ಮೊದಲು ಮಗನೋ ಅಳಿಯನೋ ಹೋಗುತ್ತಿದ್ದ. ಎರಡು ಮೂರು ವರ್ಷ ದುಡಿದು ‘ಶಿಫ್ಸ್‌ಕಾರ್ಟೆ’, ಅಂದರೆ ಹಡಗಿನ ಟಿಕೆಟ್, ಕೊಂಡು ಅಂಚೆಯಲ್ಲಿ ಕಳಿಸುತ್ತಿದ್ದ. ಹೆಂಡತಿ ಮಕ್ಕಳ ಟಿಕೆಟ್ ಮೊದಲು. ಅಮ್ಮನದು ಕೊನೆಗೆ. ಎಷ್ಟೋ ತಾಯಂದಿರು ‘ನಾನೊಲ್ಲೆ’ ಅಂದು ಅಲ್ಲೇ ಉಳಿದರು. ಹೊಸ ದೇಶ ಧರ್ಮವನ್ನು ಕೆಡಿಸುತ್ತದೆ ಅನ್ನುವ ಭಯ ಅವರಿಗೆ ಹಡಗಿನ ಭಯಕ್ಕಿಂತ ದೊಡ್ಡದಾಗಿತ್ತು. ಇನ್ನೊಂದು ಬಗೆಯ ಬೋಬೆಯರೂ ಇದ್ದಾರೆ. ಅವರು ಹುಡುಗಿಯರಾಗಿ ಬಂದು, ನ್ಯೂಯಾರ್ಕಿನಲ್ಲೇ ತಲೆ ನರೆತವರು. ಆ ಇಬ್ಬರೂ ಮುಂದೆ ಬರುತ್ತಾರೆ.

ಈಗ ಮೊದಲ ಪ್ರಶ್ನೆ. ಊರಿನಲ್ಲಿದ್ದಾಗ ಅವಳಿಗೆ ಏನು ಗೊತ್ತಿತ್ತು?

ವ್ಯಾಪಾರ ಗೊತ್ತಿತ್ತು. ಶ್ಟೆಟ್ಲ್‌ನಲ್ಲಿ ಗಂಡಸಿಗೆ ಅತಿ ದೊಡ್ಡ ಗೌರವ ಅಂದರೆ ಧರ್ಮಗ್ರಂಥಗಳ ಓದು. ಇಡೀ ದಿನ ಓದುತ್ತಾ ಕೂರುವ ಭಾಗ್ಯ ಕೆಲವೇ ಮನೆಗಳಿಗೆ ಇತ್ತು. ಆದರೆ ಅದೇ ಎಲ್ಲರ ಆದರ್ಶ. ಹಾಗಾಗಿ ಹೆಂಗಸು ಅಂಗಡಿಯಲ್ಲಿ ಕೂರುವುದು, ಸಂತೆಯಲ್ಲಿ ಕೋಳಿ, ಮೀನು, ಬಟ್ಟೆ ಮಾರುವುದು, ಸಾಲ ಕೊಡುವುದು, ವಸೂಲು ಮಾಡುವುದು ಯಾರಿಗೂ ವಿಚಿತ್ರ ಅನ್ನಿಸುತ್ತಿರಲಿಲ್ಲ. ಸಂತೆಗೆ ಬರುವ ರೈತರ ಜೊತೆ ಪೋಲಿಷ್‌ನಲ್ಲೋ ಉಕ್ರೇನಿಯನ್‌ನಲ್ಲೋ ಚೌಕಾಸಿ ಮಾಡುತ್ತಿದ್ದಳು. ಸರ್ಕಾರಿ ಅಧಿಕಾರಿಯ ಎದುರು ಒಂದಿಷ್ಟು ರಷ್ಯನ್ ಆಡುತ್ತಿದ್ದಳು. ಮನೆಯಲ್ಲಿ ಯಿಡ್ಡಿಷ್. ಪ್ರಾರ್ಥನೆಯಲ್ಲಿ ಹೀಬ್ರೂ. ಪರೀಕ್ಷೆಯ ಚೀಟಿಯ ಮುಂದೆ ‘ಓದು ಬಾರದವಳು’ ಅಂತ ಲೆಕ್ಕಕ್ಕೆ ಸಿಗುವ ಹೆಂಗಸಿನ ಬಾಯಲ್ಲಿ ಮೂರು ನಾಲ್ಕು ಭಾಷೆ ಆಡುತ್ತಿದ್ದವು!

ಇನ್ನು ಓದು. ಹೀಬ್ರೂ ಕಲಿಕೆ ಮುಖ್ಯವಾಗಿ ಗಂಡುಮಕ್ಕಳ ಪಾಲಾಗಿತ್ತು. ಹೆಣ್ಣುಮಕ್ಕಳಿಗೆ ಯಿಡ್ಡಿಷ್ ಪುಸ್ತಕಗಳಿದ್ದವು. ಯಿಡ್ಡಿಷ್‌ಗೂ ಹೀಬ್ರೂ ಅಕ್ಷರವೇ. ಅವುಗಳಲ್ಲಿ ಎಲ್ಲಕ್ಕಿಂತ ಹೆಸರಾದದ್ದು ‘ತ್ಸೆನೆ ರೆನೆ’. ಧರ್ಮಗ್ರಂಥದ ಕಥೆಗಳನ್ನು ಬಿಡಿಸಿ, ವ್ಯಾಖ್ಯಾನ ಬೆರೆಸಿ, ಆಡುಮಾತಿನಲ್ಲಿ ಹೇಳುವ ಪುಸ್ತಕ. ಸಿಗುವ ಹಳೆಯ ಮುದ್ರಣ 1622ರದ್ದು. ಮುಂದಿನ ಮುನ್ನೂರು ವರ್ಷ ಅದು ಮತ್ತೆ ಮತ್ತೆ ಅಚ್ಚಾಗುತ್ತಲೇ ಹೋಯಿತು. ಶನಿವಾರ ಮಧ್ಯಾಹ್ನ ಊಟವಾದ ಮೇಲೆ ಓದು ಬರುವ ಒಬ್ಬಳು ಗಟ್ಟಿಯಾಗಿ ಓದುತ್ತಾಳೆ, ಅಕ್ಕಪಕ್ಕದವರು ಕೇಳುತ್ತಾರೆ. ಪ್ರಾರ್ಥನಾ ಮಂದಿರದ ಹೆಂಗಸರ ಕಡೆಯಲ್ಲೂ ಅಂಥ ಒಬ್ಬಳು ಇರುತ್ತಿದ್ದಳು. ಅವಳಿಗೆ ‘ಜೋಗೆರ್ಕೆ’ ಅಂತ ಹೆಸರು, ಹೇಳಿಕೊಡುವವಳು ಅಂತ ಅರ್ಥ. ಅವಳು ಸಾಲು ಸಾಲಾಗಿ ಹೇಳುತ್ತಾಳೆ, ಉಳಿದವರು ಹಿಂದಿನಿಂದ ಹೇಳುತ್ತಾರೆ. ಅವಳು ಅತ್ತರೆ ಇವರೂ ಅಳುತ್ತಾರೆ.

‘ತ್ಖಿನೆ’ ಅನ್ನುವ ಇನ್ನೊಂದು ಬಗೆಯ ಪ್ರಾರ್ಥನೆಗಳಿದ್ದವು. ದೀಪ ಹಚ್ಚುವಾಗ ಒಂದು, ಹಿಟ್ಟು ನಾದುವಾಗ ಒಂದು, ಬಸುರಿಗೆ ಒಂದು, ಕಾಯಿಲೆ ಮಗುವಿಗೆ ಒಂದು. ದೇವರ ಜೊತೆ ಪಕ್ಕದ ಮನೆಯವರ ಹತ್ತಿರ ಮಾತಾಡಿದ ಹಾಗೆ ಮಾತಾಡುವ ಪ್ರಾರ್ಥನೆಗಳು ಅವು.

ಇದೆಲ್ಲದರಲ್ಲಿ ನನ್ನ ಮನಸ್ಸಿಗೆ ತೀರಾ ಹತ್ತಿರವಾದದ್ದು ನೂಲಿನ ವಿದ್ಯೆ. ಯಹೂದಿ ಪಂಚಾಂಗದ ಹೊಸ ವರ್ಷದ ಮೊದಲ ತಿಂಗಳಲ್ಲಿ ‘ಯೋಮ್ ಕಿಪ್ಪುರ್’ ಬರುತ್ತದೆ. ಉಪವಾಸವಿದ್ದು ತಪ್ಪಿಗೆ ಕ್ಷಮೆ ಕೇಳುವ ದಿನ. ಅದಕ್ಕೆ ಮುಂಚಿನ ದಿನಗಳಲ್ಲಿ ಹೆಂಗಸರು, ಬಹಳ ಸಲ ವಯಸ್ಸಾದವರೇ, ಸ್ಮಶಾನಕ್ಕೆ ಹೋಗುತ್ತಿದ್ದರು. ಕೈಯಲ್ಲಿ ಹತ್ತಿ ನೂಲಿನ ಉಂಡೆ. ಸಮಾಧಿಗಳ ಸುತ್ತ ಆ ನೂಲು ಹಿಡಿದು ಅಳೆಯುತ್ತಾ ಹೋಗುತ್ತಿದ್ದರು. ಆಮೇಲೆ ಮನೆಗೆ ತಂದು, ಅದೇ ನೂಲನ್ನು ಬತ್ತಿ ಮಾಡಿ, ಮೇಣ ಹಚ್ಚಿ ದೀಪ ಮಾಡುತ್ತಿದ್ದರು. ಒಂದೊಂದು ಎಳೆ ಇಡುವಾಗಲೂ ಸತ್ತ ಒಬ್ಬೊಬ್ಬರ ಹೆಸರು ಹೇಳುವುದು. ಈ ತಾಯಿಗಾಗಿ, ಆ ಅಜ್ಜನಿಗಾಗಿ, ಧರ್ಮಗ್ರಂಥದ ಆದಿತಾಯಂದಿರಾದ ಸಾರಾ ಮತ್ತು ರೆಬೆಕ್ಕರಿಗಾಗಿ. ನಮ್ಮ ಮಕ್ಕಳ ಪರವಾಗಿ ದೇವರ ಹತ್ತಿರ ಒಂದು ಮಾತು ಹೇಳಿ ಅಂತ ಅವರನ್ನು ಬೇಡಿಕೊಳ್ಳುವುದು. ಸತ್ತವರನ್ನೂ ಇದ್ದವರನ್ನೂ ಒಂದೇ ನೂಲಿನಲ್ಲಿ ಕಟ್ಟುವ ಕೆಲಸ ಅದು. ಅದನ್ನು ಮಾಡಲು ಬರುವವರು ಹೆಂಗಸರು.

ಯಿಡ್ಡಿಷ್‌ನಲ್ಲಿ ‘ಬೋಬೆ ಮಾಯ್ಸೆ’ ಅನ್ನುವ ಮಾತಿದೆ. ನಮ್ಮ ಅಡಗೂಲಜ್ಜಿ ಕಥೆಯ ಹಾಗೆ. ನಂಬಲಾಗದ ಸುಳ್ಳುಪಳ್ಳು ಅಂತ ಅರ್ಥ. ಇದರ ಮೂಲದಲ್ಲಿ ಅಜ್ಜಿಯೇ ಇಲ್ಲ. ಇಟಲಿಯಲ್ಲಿ ಬಾಳಿದ ವಿದ್ವಾಂಸ ಎಲಿಯಾ ಲೆವಿಟಾ ಬೋವೋ ಎಂಬ ವೀರನ ಸಾಹಸದ ಕಥೆಯನ್ನು ಯಿಡ್ಡಿಷ್‌ನಲ್ಲಿ ಪದ್ಯವಾಗಿ ಬರೆದ. 1541ರಲ್ಲಿ ಅಚ್ಚಾಯಿತು. ಬೋವೋನ ಕಥೆ ಅನ್ನುವುದು ಜನರ ಬಾಯಲ್ಲಿ ಸವೆದು ಸವೆದು ಬೋಬೆಯ ಕಥೆಯಾಯಿತು. ಯಾರೋ ವೀರನ ಉತ್ಪ್ರೇಕ್ಷೆಗೆ ಅಜ್ಜಿಯ ಹೆಸರು ಅಂಟಿಕೊಂಡಿತು.

ಸರಿ, ಟಿಕೆಟ್ ಬಂತು. ಬೋಬೆ ಗಂಟು ಕಟ್ಟಿದಳು. ಗಂಟಿನಲ್ಲಿ ಏನಿತ್ತು ಅನ್ನುವುದು ಚೆನ್ನಾಗಿ ಗೊತ್ತಿದೆ, ಯಾಕೆಂದರೆ ಆ ವಸ್ತುಗಳು ಎಷ್ಟೋ ಮನೆಗಳಲ್ಲಿ ಈಗಲೂ ಇವೆ. ಹಕ್ಕಿಗರಿ ತುಂಬಿದ ದಪ್ಪ ರಜಾಯಿ. ಹಿತ್ತಾಳೆಯ ದೀಪದ ಕಂಬಗಳು. ಹಿತ್ತಾಳೆಯ ಕುಟ್ಟಾಣಿ. ಕೆಲವರ ಹತ್ತಿರ ಚಹಾ ಕಾಯಿಸುವ ಸಮೋವರ್. ಹ್ಯಾಂಬರ್ಗ್, ಬ್ರೆಮೆನ್ ಅಥವಾ ರಾಟರ್‌ಡ್ಯಾಮ್‌ವರೆಗೆ ರೈಲು. ಅಲ್ಲಿಂದ ಹಡಗಿನ ತಳದ ಅಂತಸ್ತಿನಲ್ಲಿ ಒಂದೆರಡು ವಾರ.

1892ರಿಂದ ನ್ಯೂಯಾರ್ಕಿನ ಬಾಗಿಲು ಅಂದರೆ ಎಲ್ಲಿಸ್ ದ್ವೀಪ. ಅಲ್ಲಿ ವೈದ್ಯರು ಕಣ್ಣರೆಪ್ಪೆ ಮಡಚಿ ಟ್ರಕೋಮಾ ರೋಗ ಇದೆಯಾ ಅಂತ ನೋಡುತ್ತಿದ್ದರು. ಸಂಶಯ ಬಂದರೆ ಕೋಟಿನ ಮೇಲೆ ಸೀಮೆಸುಣ್ಣದಿಂದ ಒಂದು ಅಕ್ಷರ ಗೀಚುತ್ತಿದ್ದರು. ಒಟ್ಟಾರೆ ವಾಪಸು ಕಳಿಸಿದ್ದು ನೂರಕ್ಕೆ ಸುಮಾರು ಇಬ್ಬರನ್ನು. ಆದರೆ ವಯಸ್ಸಾದ ಒಂಟಿ ಹೆಂಗಸಿಗೆ ಈ ಬಾಗಿಲು ಹೆಚ್ಚು ಕಷ್ಟದ್ದು. ‘ಸರ್ಕಾರಕ್ಕೆ ಹೊರೆಯಾಗಬಹುದು’ ಅನ್ನುವ ಒಂದು ಸಾಲು ಕಾನೂನಿನಲ್ಲಿತ್ತು. ಮಗ ಬಂದು ‘ಇವಳನ್ನು ನಾನು ಸಾಕುತ್ತೇನೆ’ ಅಂತ ಹೇಳುವವರೆಗೆ ಅವಳನ್ನು ಹೊರಗೆ ಬಿಡುತ್ತಿರಲಿಲ್ಲ. ದಿನಗಟ್ಟಲೆ ಕಾಯುವಾಗ ಅಲ್ಲಿಯ ಊಟ ಅವಳು ಮುಟ್ಟುವಂತಿರಲಿಲ್ಲ. ಕೋಷರ್, ಅಂದರೆ ಅವಳ ಧರ್ಮ ಒಪ್ಪುವ ಅಡುಗೆಮನೆ ಅಲ್ಲಿಗೆ ಬಂದದ್ದು 1911ರಲ್ಲಿ. ಅದಕ್ಕೆ ಮುಂಚೆ ಬ್ರೆಡ್ಡು, ಉಪ್ಪುಮೀನು, ಚಹಾ.

ಅಧಿಕಾರಿಗಳು ಅಲ್ಲಿ ಜನರ ಹೆಸರನ್ನೇ ಬದಲಾಯಿಸಿಬಿಟ್ಟರು ಅನ್ನುವ ಕಥೆ ತುಂಬಾ ಮನೆಗಳಲ್ಲಿದೆ. ಅದು ನಿಜವಲ್ಲ. ಎಲ್ಲಿಸ್ ದ್ವೀಪದ ಗುಮಾಸ್ತರು ಹೊಸದಾಗಿ ಹೆಸರು ಬರೆಯುತ್ತಿರಲಿಲ್ಲ. ಹಡಗು ಹೊರಟ ಬಂದರಿನಲ್ಲಿ ಮಾಡಿದ ಪಟ್ಟಿಯನ್ನು ಹಿಡಿದು ಪ್ರಶ್ನೆ ಕೇಳುತ್ತಿದ್ದರು. ಹೆಸರು ಬದಲಾದದ್ದು ಆಮೇಲೆ, ಶಾಲೆಯಲ್ಲಿ, ಕೆಲಸದ ಜಾಗದಲ್ಲಿ, ಬಹುಪಾಲು ಅವರವರೇ ಬದಲಾಯಿಸಿಕೊಂಡದ್ದು. ಈ ಹೆಸರಿನ ವಿಷಯಕ್ಕೆ ಮತ್ತೆ ಬರುತ್ತೇನೆ.

ದೋಣಿ ಇಳಿದು ಅವಳು ಹೋದದ್ದು ನ್ಯೂಯಾರ್ಕಿನ ಲೋವರ್ ಈಸ್ಟ್ ಸೈಡ್ ಎಂಬ ಬಡಾವಣೆಗೆ. ಅಲ್ಲಿ ಐದಾರು ಅಂತಸ್ತಿನ ವಠಾರಗಳು. ಟೆನೆಮೆಂಟ್ ಅನ್ನುತ್ತಾರೆ. ಆರ್ಚರ್ಡ್ ಬೀದಿಯ 97ನೇ ನಂಬರಿನ ಕಟ್ಟಡ ಈಗ ಮ್ಯೂಸಿಯಂ ಆಗಿದೆ. 1863ರಲ್ಲಿ ಕಟ್ಟಿದ್ದು. 1935ರವರೆಗೆ ಅದರಲ್ಲಿ ಸುಮಾರು 7,000 ಜನ ಬಾಳಿ ಹೋದರು. ಒಂದೊಂದು ಮನೆ 325 ಚದರ ಅಡಿ. ಹದಿನೆಂಟು ಅಡಿ ಉದ್ದ, ಹದಿನೆಂಟು ಅಡಿ ಅಗಲದ ಒಂದು ಜಾಗ ಅಂದುಕೊಳ್ಳಿ. ಅದರಲ್ಲೇ ಮೂರು ಕೋಣೆ. ಸರಿಯಾದ ಬೆಳಕು ಬರುವುದು ಒಂದರಲ್ಲಿ ಮಾತ್ರ. ಶೌಚಾಲಯ ಮೊದಮೊದಲು ಕೆಳಗೆ ಹಿತ್ತಲಿನಲ್ಲಿ. 1901ರ ಕಾನೂನು ಬಂದ ಮೇಲೆ ಕಟ್ಟಡದ ಒಳಗೆ. ಇಂಥ ಮನೆಯಲ್ಲಿ ಗಂಡ, ಹೆಂಡತಿ, ನಾಲ್ಕೈದು ಮಕ್ಕಳು. ಬಾಡಿಗೆ ತುಂಬಲು ಇಬ್ಬರು ಹೊರಗಿನ ಹುಡುಗರಿಗೂ ಮಲಗಲು ಜಾಗ ಕೊಟ್ಟಿರುತ್ತಾರೆ. ಇಷ್ಟರ ನಡುವೆ ಬೋಬೆ. ಅವಳ ಹಾಸಿಗೆ ಅಡುಗೆಮನೆಯಲ್ಲಿ, ಒಲೆಯ ಪಕ್ಕ, ಎರಡು ಕುರ್ಚಿ ಜೋಡಿಸಿ ಹಲಗೆ ಇಟ್ಟದ್ದು. ಊರಿಂದ ತಂದ ಗರಿಯ ರಜಾಯಿ ಅದರ ಮೇಲೆ.

ಮಗ ಹೊಲಿಗೆ ಕೆಲಸದಲ್ಲಿ. ದೊಡ್ಡ ಮೊಮ್ಮಗಳು ಬ್ಲೌಸು ಹೊಲಿಯುವ ಕಾರ್ಖಾನೆಯಲ್ಲಿ. ಚಿಕ್ಕವರು ಸರ್ಕಾರಿ ಶಾಲೆಯಲ್ಲಿ. ಬೋಬೆ ಮನೆಯಲ್ಲಿ.

ಇಲ್ಲಿ ಒಂದು ದೊಡ್ಡ ಬದಲಾವಣೆ ಆಯಿತು. ಊರಿನಲ್ಲಿ ಸಂತೆಯ ನಡುವೆ ನಿಂತು ದುಡಿದವಳು ಇಲ್ಲಿ ದುಡಿಯುವವಳಲ್ಲ. ತೋಳಿಗೆ ಹೊಲಿಗೆ ಹಾಕುವುದು, ಗುಂಡಿ ಕೂರಿಸುವುದು, ಇಂಥ ಕೆಲಸ ಮನೆಗೆ ತಂದರೆ ಅವಳೂ ಕೂತು ಮಾಡುತ್ತಾಳೆ. ಆದರೆ ಅದರ ಕೂಲಿ ಮಗನ ಲೆಕ್ಕದಲ್ಲಿ ಸೇರಿಹೋಗುತ್ತದೆ. ಊರಿನಲ್ಲಿ ನಾಲ್ಕು ಭಾಷೆ ಆಡಿದವಳಿಗೆ ಇಲ್ಲಿ ಬೇಕಾದ ಐದನೆಯದು ಬರುವುದಿಲ್ಲ. ಬಾಡಿಗೆ ಕೇಳಲು ಬಂದವನ ಜೊತೆ, ಆಸ್ಪತ್ರೆಯಲ್ಲಿ ಡಾಕ್ಟರ ಜೊತೆ, ಗ್ಯಾಸಿನ ಮೀಟರು ನೋಡುವವನ ಜೊತೆ ಅವಳ ಪರವಾಗಿ ಮಾತಾಡುವವಳು ಎಂಟು ವರ್ಷದ ಮೊಮ್ಮಗಳು. ಮನೆಯಲ್ಲಿ ಯಾರು ಯಾರಿಗೆ ಹೇಳಿಕೊಡಬೇಕು ಅನ್ನುವುದೇ ತಲೆಕೆಳಗಾಯಿತು. ಡಾಕ್ಟರು ‘ಎಲ್ಲಿ ನೋವು’ ಅಂತ ಕೇಳುತ್ತಾರೆ. ಹೆಂಗಸಿನ ಒಳಗಿನ ನೋವನ್ನು ಎಂಟು ವರ್ಷದ ಮಗುವಿನ ಬಾಯಿಂದ ಹೇಳಿಸುವುದು ಹೇಗೆ? ಎಷ್ಟೋ ನೋವು ಹೇಳದೆ ಉಳಿದಿರಬೇಕು.

ಹಾಗಂತ ಅವಳು ಮೊಮ್ಮಗಳ ಮೇಲೆ ಸಿಟ್ಟಾಗುವುದಿಲ್ಲ. ‘ಮಾಮೆಲೆ’ ಅಂತ ಕರೆಯುತ್ತಾಳೆ. ಪುಟ್ಟ ಅಮ್ಮ ಅಂತ ಅರ್ಥ. ನಾವು ಎರಡು ವರ್ಷದ ಮಗಳನ್ನೂ ‘ಬಾರಮ್ಮಾ’ ಅನ್ನುತ್ತೇವಲ್ಲ, ಹಾಗೆ. ಮಗು ಚೆನ್ನಾಗಿದೆ ಅಂತ ಯಾರಾದರೂ ಹೊಗಳಿದರೆ ‘ಕೇನ್ ಐನೆಹೋರೆ’ ಅಂದು ಮೂರು ಸಲ ಥೂ ಥೂ ಅನ್ನುತ್ತಾಳೆ. ದೃಷ್ಟಿ ತಾಗದಿರಲಿ ಅಂತ. ಜ್ವರ ಬಂದರೆ ಬೆನ್ನಿಗೆ ‘ಬಾಂಕೆಸ್’ ಇಡುತ್ತಾಳೆ. ಗಾಜಿನ ಸಣ್ಣ ಲೋಟಗಳನ್ನು ಬಿಸಿ ಮಾಡಿ ಚರ್ಮಕ್ಕೆ ಅಂಟಿಸುವ ಚಿಕಿತ್ಸೆ ಅದು. ಹೊಸ ದೇಶದ ನರ್ಸಮ್ಮಗಳಿಗೆ ಇದು ಇಷ್ಟವಿರಲಿಲ್ಲ. 1893ರಲ್ಲಿ ಲಿಲಿಯನ್ ವಾಲ್ಡ್ ಎಂಬ ನರ್ಸ್ ಅದೇ ಬಡಾವಣೆಯಲ್ಲಿ ಮನೆ ಮಾಡಿ, ಆ ವಠಾರಗಳ ಮೆಟ್ಟಿಲು ಹತ್ತಿ ರೋಗಿಗಳನ್ನು ನೋಡಲು ಶುರು ಮಾಡಿದರು. ಅದರಿಂದ ಉಳಿದ ಜೀವಗಳು ತುಂಬಾ. ಬಾಂಕೆಸ್‌ನಿಂದ ಕಾಯಿಲೆ ವಾಸಿಯಾಗುತ್ತದೆ ಅಂತ ನಾನು ಹೇಳುತ್ತಿಲ್ಲ. ‘ಹೆಣಕ್ಕೆ ಬಾಂಕೆಸ್ ಇಟ್ಟಷ್ಟೇ ಉಪಯೋಗ’ ಅನ್ನುವ ಗಾದೆ ಯಿಡ್ಡಿಷ್‌ನಲ್ಲೇ ಇದೆ. ಆದರೆ ರಾತ್ರಿಯೆಲ್ಲಾ ಮಗುವಿನ ತಲೆ ಹತ್ತಿರ ಕೂತದ್ದು ಬೋಬೆಯೇ.

ಅವಳ ಯಾವ ವಿದ್ಯೆಯೂ ಕೆಲಸಕ್ಕೆ ಬರಲಿಲ್ಲವಾ? ಬಂತು. ಅಡುಗೆಮನೆಯಲ್ಲಿ ಅವಳ ಮಾತೇ ಕೊನೆಯದು.

ಕೋಷರ್ ಅಂದರೆ ಧರ್ಮ ಒಪ್ಪುವ ಊಟ. ಹಂದಿ ಇಲ್ಲ, ಚಿಪ್ಪಿನ ಮೀನಿಲ್ಲ. ಮಾಂಸ ಮತ್ತು ಹಾಲು ಒಂದೇ ಊಟದಲ್ಲಿ ಸೇರಬಾರದು. ಪಾತ್ರೆಗಳೂ ಬೇರೆ ಬೇರೆ. ಮಾಂಸ ತಂದ ಮೇಲೆ ಅರ್ಧ ಗಂಟೆ ನೀರಲ್ಲಿ ನೆನೆಸಿ, ಒಂದು ಗಂಟೆ ಉಪ್ಪು ಹಚ್ಚಿಟ್ಟು ರಕ್ತ ಇಳಿಸಿ, ಆಮೇಲೆ ಚೆನ್ನಾಗಿ ತೊಳೆಯಬೇಕು. ಪಾಸೋವರ್ ಹಬ್ಬದ ವಾರದಲ್ಲಿ ಹುಳಿ ಬಂದ ಹಿಟ್ಟಿನ ಒಂದು ಚೂರೂ ಮನೆಯಲ್ಲಿರಬಾರದು. ಆ ವಾರಕ್ಕೆ ಮತ್ತೆ ಎರಡು ಜೊತೆ ಪಾತ್ರೆ. 325 ಚದರ ಅಡಿಯಲ್ಲಿ ನಾಲ್ಕು ಜೊತೆ ಪಾತ್ರೆ ಎಲ್ಲಿಡುವುದು, ಯಾವ ಚಮಚ ಯಾವುದಕ್ಕೆ ತಾಗಿತು, ತಾಗಿದರೆ ಏನು ಮಾಡಬೇಕು, ಇದೆಲ್ಲಾ ಬೋಬೆಯ ತಲೆಯಲ್ಲಿತ್ತು. ಸೊಸೆಗೆ ಅನುಮಾನ ಬಂದರೆ ಮೊದಲು ಕೇಳುವುದು ಅವಳನ್ನೇ. ಅವಳಿಗೂ ತಿಳಿಯದಿದ್ದರೆ ಮಾತ್ರ ಧರ್ಮಗುರು ರಬ್ಬಿಯನ್ನು.

ಹಾಗಂತ ಅವಳು ಹೊಸದನ್ನು ತಳ್ಳಿಹಾಕುತ್ತಿದ್ದಳು ಅಂದುಕೊಂಡರೆ ತಪ್ಪು. ಊರಿನಲ್ಲಿ ಕೋಳಿ ಅಥವಾ ಬಾತಿನ ಕೊಬ್ಬು ಕರಗಿಸಿ ಅಡುಗೆ ಮಾಡುತ್ತಿದ್ದರು. ಅದು ಮಾಂಸದ ಲೆಕ್ಕಕ್ಕೆ ಬರುತ್ತದೆ, ಹಾಲಿನ ತಿಂಡಿಗೆ ಹಾಕುವಂತಿಲ್ಲ. 1911ರಲ್ಲಿ ಕ್ರಿಸ್ಕೋ ಎಂಬ ಗಿಡದೆಣ್ಣೆಯ ಗಟ್ಟಿ ಕೊಬ್ಬು ಅಂಗಡಿಗೆ ಬಂತು. ಹಾಲೂ ಅಲ್ಲ, ಮಾಂಸವೂ ಅಲ್ಲ. ಎರಡರ ಜೊತೆಗೂ ಸಲ್ಲುತ್ತದೆ. ಆ ಕಂಪನಿ ಯಹೂದಿ ಗೃಹಿಣಿಯರನ್ನೇ ಗುರಿಯಿಟ್ಟು ಜಾಹೀರಾತು ಕೊಟ್ಟಿತು. 1933ರಲ್ಲಿ ಯಿಡ್ಡಿಷ್ ಮತ್ತು ಇಂಗ್ಲಿಷ್ ಎರಡರಲ್ಲೂ ಅಡುಗೆ ಪುಸ್ತಕವನ್ನೇ ಅಚ್ಚು ಹಾಕಿತು. ಮೂರು ಸಾವಿರ ವರ್ಷದ ನಿಯಮಕ್ಕೂ ಡಬ್ಬಿಯ ಹೊಸ ಕೊಬ್ಬಿಗೂ ಗಂಟು ಹಾಕುವ ಲೆಕ್ಕ ಅಡುಗೆಮನೆಯ ಹೆಂಗಸರಿಗೆ ಸಲೀಸಾಗಿ ಬಂತು.

ಶುಕ್ರವಾರ ಅವಳ ದಿನ. ಬೆಳಗ್ಗೆ ಹೆಸ್ಟರ್ ಬೀದಿಯ ತಳ್ಳುಗಾಡಿಗಳ ನಡುವೆ ನುಗ್ಗಿ ಕಾರ್ಪ್ ಮೀನು ಆರಿಸುವುದು. ಇಲ್ಲಿ ಅವಳಿಗೆ ಭಾಷೆಯ ತೊಂದರೆ ಇಲ್ಲ, ಮಾರುವವರೂ ಯಿಡ್ಡಿಷ್‌ನವರೇ. ಹಳೆಯ ಸಂತೆಯ ಚೌಕಾಸಿ ಇಲ್ಲಿ ಮತ್ತೆ ಜೀವ ತಳೆಯುತ್ತದೆ. ಮನೆಗೆ ಬಂದು ಹಿಟ್ಟು ನಾದಿ, ಒಂದು ಚೂರು ತೆಗೆದು ಬೆಂಕಿಗೆ ಹಾಕಿ, ಜಡೆ ಹೆಣೆದ ಹಾಗೆ ‘ಖಾಲ್ಲೆ’ ಬ್ರೆಡ್ಡು ಹೆಣೆಯುವುದು. ಶುಕ್ರವಾರ ಸೂರ್ಯ ಮುಳುಗಿದ್ದರಿಂದ ಶನಿವಾರ ಕತ್ತಲಾಗುವವರೆಗೆ ಯಹೂದಿಗಳ ವಿಶ್ರಾಂತಿಯ ದಿನ, ಕೆಲಸ ಮಾಡುವಂತಿಲ್ಲ, ಬೆಂಕಿ ಹಚ್ಚುವಂತಿಲ್ಲ. ಅದಕ್ಕೆ ಮಾಂಸ, ಕಾಳು, ಆಲೂಗಡ್ಡೆ ಹಾಕಿದ ‘ಚೋಲೆಂಟ್’ ಅನ್ನು ಶುಕ್ರವಾರವೇ ಸಣ್ಣ ಉರಿಗೆ ಇಡುತ್ತಾಳೆ, ಇಲ್ಲವೇ ಬೇಕರಿಯವನ ಒಲೆಗೆ ಕೊಟ್ಟು ಬರುತ್ತಾಳೆ. ಸೂರ್ಯ ಮುಳುಗುವುದಕ್ಕೆ ಹದಿನೆಂಟು ನಿಮಿಷ ಮುಂಚೆ ಹಿತ್ತಾಳೆ ಕಂಬಗಳಲ್ಲಿ ದೀಪ. ಕೈಯಿಂದ ಮೂರು ಸಲ ಬೆಳಕನ್ನು ತನ್ನ ಕಡೆಗೆ ಬರಮಾಡಿಕೊಂಡು, ಕಣ್ಣು ಮುಚ್ಚಿ ಪ್ರಾರ್ಥನೆ.

ಕಣ್ಣು ತೆರೆದಾಗ ಮೇಜಿನ ಸುತ್ತ ಎಲ್ಲರೂ ಇರುತ್ತಿರಲಿಲ್ಲ. ಶನಿವಾರವೂ ಕಾರ್ಖಾನೆ ತೆರೆದಿರುತ್ತಿತ್ತು. ರಜೆ ಭಾನುವಾರ. ಶನಿವಾರ ಬಾರದವನಿಗೆ ಸೋಮವಾರ ಕೆಲಸವಿಲ್ಲ. ಮಗ ತಲೆ ತಗ್ಗಿಸಿ ಕೆಲಸಕ್ಕೆ ಹೋಗುತ್ತಾನೆ. ಅವಳು ನೋಡುತ್ತಾಳೆ. ಧರ್ಮ ಕೆಡುತ್ತದೆ ಅಂತ ಊರಿನಲ್ಲಿ ಉಳಿದವರು ಹೆದರಿದ್ದು ಇದಕ್ಕೇ. ಆ ಹೆದರಿಕೆ ಸುಮ್ನೆ ಬಂದದ್ದಲ್ಲ.

ಅಡುಗೆಮನೆಯ ಲೆಕ್ಕ ಒಮ್ಮೆ ಬೀದಿಗೂ ಬಂತು. 1902ರ ಮೇ ತಿಂಗಳಲ್ಲಿ ಕೋಷರ್ ಮಾಂಸದ ಬೆಲೆ ಪೌಂಡಿಗೆ 12 ಸೆಂಟಿನಿಂದ 18 ಸೆಂಟಿಗೆ ಏರಿತು. ಹಿಂದೆ ಇದ್ದದ್ದು ದೊಡ್ಡ ಮಾಂಸ ಕಂಪನಿಗಳ ಒಕ್ಕೂಟ. ಮೊದಲು ಅಂಗಡಿಯವರೇ ಬಾಗಿಲು ಹಾಕಿ ಪ್ರತಿಭಟಿಸಿದರು, ಆಮೇಲೆ ಕೈಬಿಟ್ಟರು. ಆಗ ಫ್ಯಾನಿ ಲೆವಿ, ಸಾರಾ ಎಡೆಲ್ಸನ್ ಎಂಬ ಗೃಹಿಣಿಯರು ಮನೆ ಮನೆಗೆ ಹೋಗಿ ಹೆಂಗಸರನ್ನು ಸೇರಿಸಿದರು. ಮೇ 15ರಂದು ಸಾವಿರಾರು ಹೆಂಗಸರು ಬೀದಿಗೆ ಇಳಿದರು. ಯಾರೂ ಮಾಂಸ ಕೊಳ್ಳಬಾರದು ಅಂದರು. ಕೊಂಡವರ ಕೈಯಿಂದ ಕಿತ್ತು ಬೀದಿಗೆ ಎಸೆದರು, ಕೆಲವು ಕಡೆ ಸೀಮೆಎಣ್ಣೆ ಸುರಿದರು. ಪೊಲೀಸರು ಎಳೆದುಕೊಂಡು ಹೋದರು. ಇವರು ಕಾರ್ಖಾನೆಯ ಹುಡುಗಿಯರಲ್ಲ. ಬಹುಪಾಲು ಮೂವತ್ತು ನಲವತ್ತು ದಾಟಿದ, ಮನೆ ತುಂಬಾ ಮಕ್ಕಳಿದ್ದ ಗೃಹಿಣಿಯರು.

ಆ ವಾರದ ಶನಿವಾರ ಅವರು ಪ್ರಾರ್ಥನಾ ಮಂದಿರಗಳಿಗೆ ಹೋದರು. ಯಹೂದಿಗಳಲ್ಲಿ ಒಂದು ಹಳೆಯ ಪದ್ಧತಿ ಇದೆ. ಅನ್ಯಾಯವಾದವರು ಧರ್ಮಗ್ರಂಥದ ಓದನ್ನು ಅರ್ಧಕ್ಕೆ ನಿಲ್ಲಿಸಿ, ಎಲ್ಲರ ಎದುರು ದೂರು ಹೇಳಿ, ನ್ಯಾಯ ಸಿಗುವವರೆಗೆ ಓದು ಬೇಡ ಅನ್ನಬಹುದು. ಆ ಹೆಂಗಸರು ಅದನ್ನೇ ಮಾಡಿದರು. ಊರಿನಿಂದ ತಂದ ಪದ್ಧತಿಯನ್ನು ನ್ಯೂಯಾರ್ಕಿನ ಮಾಂಸದ ಬೆಲೆಗೆ ಹೂಡಿದರು! ಜೂನ್ ಮೊದಲ ವಾರಕ್ಕೆ ಬೆಲೆ 14 ಸೆಂಟಿಗೆ ಇಳಿಯಿತು.

ಇನ್ನೊಂದು ಸಲ ಇದೇ ಆದದ್ದು 1917ರ ಫೆಬ್ರವರಿಯಲ್ಲಿ. ಯುದ್ಧದ ಕಾಲ. ಆಲೂಗಡ್ಡೆ, ಈರುಳ್ಳಿ, ಕೋಳಿ, ಎಲ್ಲದರ ಬೆಲೆ ಗಗನಕ್ಕೆ. ಬ್ರೂಕ್ಲಿನ್ ಮತ್ತು ಲೋವರ್ ಈಸ್ಟ್ ಸೈಡಿನ ಹೆಂಗಸರು ತಳ್ಳುಗಾಡಿಗಳನ್ನು ಉರುಳಿಸಿದರು, ಮಕ್ಕಳನ್ನು ಎತ್ತಿಕೊಂಡು ನಗರದ ಮೇಯರ್ ಕಚೇರಿಗೆ ನಡೆದರು. ಇದು ಆದದ್ದು ಮೇಲೆ ಹೇಳಿದ ಓದಿನ ಕಾನೂನು ಪಾಸಾದ ಎರಡೇ ವಾರಕ್ಕೆ. 1902ರಲ್ಲಿ ನಲವತ್ತರ ಹತ್ತಿರ ಇದ್ದವರು ಈ ಹೊತ್ತಿಗೆ ಅಜ್ಜಿಯರಾಗಿದ್ದರು.

ಸಂಜೆ ಹೊತ್ತು ಮನೆಯಲ್ಲಿ ಪೇಪರ್ ಓದುತ್ತಿದ್ದರು. 1897ರಲ್ಲಿ ಶುರುವಾದ ‘ಫೋರ್ವೆರ್ಟ್ಸ್’ ಯಿಡ್ಡಿಷ್ ಪತ್ರಿಕೆ. ಅದರ ಸಂಪಾದಕ ಅಬ್ರಹಾಂ ಕಾಹನ್ 1906ರಲ್ಲಿ ‘ಬಿಂಟೆಲ್ ಬ್ರೀಫ್’ ಎಂಬ ಅಂಕಣ ತೆರೆದರು. ಪತ್ರಗಳ ಕಟ್ಟು ಅಂತ ಅರ್ಥ. ಓದುಗರು ತಮ್ಮ ಗೋಳು ಬರೆದು ದಾರಿ ಕೇಳುತ್ತಿದ್ದರು. ಹೆಂಡತಿ ಮಕ್ಕಳನ್ನು ಬಿಟ್ಟು ಓಡಿಹೋದ ಗಂಡಸರ ಫೋಟೋಗಳನ್ನೂ ಆ ಪತ್ರಿಕೆ ಹಾಕುತ್ತಿತ್ತು, ಕಂಡವರು ತಿಳಿಸಿ ಅಂತ. ಒಬ್ಬರು ಓದುತ್ತಾರೆ, ಬೋಬೆ ಕೇಳುತ್ತಾಳೆ. ಕೇಳುತ್ತಾ ತೀರ್ಪನ್ನೂ ಕೊಡುತ್ತಾಳೆ. ಶನಿವಾರ ಮಧ್ಯಾಹ್ನ ‘ತ್ಸೆನೆ ರೆನೆ’ ಕೇಳಿದ ಕಿವಿಗೆ ಈ ಥರದ ಓದು ಹೊಸದಲ್ಲ.

ಇಷ್ಟೆಲ್ಲಾ ಇದ್ದರೂ ಒಂದು ವಿದ್ಯೆ ಮಾತ್ರ ಹಡಗು ಹತ್ತಲಿಲ್ಲ. ನೂಲಿನ ವಿದ್ಯೆ. ಅಳೆಯಲು ಅವಳ ಸತ್ತವರು ಇಲ್ಲಿರಲಿಲ್ಲ. ತಾಯಿ, ತಂದೆ, ಬಹುಶಃ ಗಂಡ, ಎಳವೆಯಲ್ಲೇ ಹೋದ ಎರಡು ಮೂರು ಮಕ್ಕಳು, ಎಲ್ಲರೂ ಸಮುದ್ರದ ಆಚೆ. ವರ್ಷಕ್ಕೊಮ್ಮೆ ಹೋಗಿ ಬರುವ ಮಾತೇ ಇಲ್ಲ. ಇಟಲಿಯಿಂದ ಬಂದವರಲ್ಲಿ ಎಷ್ಟೋ ಜನ ದುಡ್ಡು ಮಾಡಿಕೊಂಡು ಊರಿಗೆ ವಾಪಸು ಹೋದರು. ಯಹೂದಿಗಳಲ್ಲಿ ಹಾಗೆ ಹೋದವರು ತೀರಾ ಕಡಿಮೆ. ಊರು ಅವರನ್ನು ಓಡಿಸಿತ್ತಲ್ಲ.

ಅದಕ್ಕೆ ಅವರು ಕಂಡುಕೊಂಡ ದಾರಿ ‘ಲಾಂಟ್ಸ್‌ಮಾನ್‌ಶಾಫ್ಟ್’, ಅಂದರೆ ಒಂದೇ ಊರಿನಿಂದ ಬಂದವರ ಸಂಘ. ನ್ಯೂಯಾರ್ಕಿನಲ್ಲಿ ಅಂಥವು ಸಾವಿರಗಟ್ಟಲೆ ಇದ್ದವು. ವಾರಕ್ಕಿಷ್ಟು ಅಂತ ಸಣ್ಣ ಚಂದಾ ಕಟ್ಟಿದರೆ ಕಾಯಿಲೆಗೆ ಸಹಾಯ, ಕಷ್ಟಕ್ಕೆ ಸಾಲ. ಎಲ್ಲಕ್ಕಿಂತ ಮುಖ್ಯವಾಗಿ ಸತ್ತರೆ ಮಣ್ಣು. ಸಂಘಗಳು ಕ್ವೀನ್ಸ್, ಬ್ರೂಕ್ಲಿನ್ ಕಡೆಯ ಸ್ಮಶಾನಗಳಲ್ಲಿ ತುಂಡು ತುಂಡು ನೆಲ ಕೊಂಡು, ಬಾಗಿಲಿಗೆ ಕಲ್ಲಿನ ಕಂಬ ನಿಲ್ಲಿಸಿ, ಊರಿನ ಹೆಸರು ಕೆತ್ತಿಸಿದವು. ಊರಿನ ಅಕ್ಕಪಕ್ಕದ ಮನೆಯವರೇ ಇಲ್ಲೂ ಅಕ್ಕಪಕ್ಕ ಮಲಗುವಂತಾಯಿತು.

1921ರಲ್ಲಿ ಅಮೆರಿಕ ದೇಶವಾರು ಮಿತಿ ಹಾಕಿತು. 1924ರ ಕಾನೂನು ಅದನ್ನು ಇನ್ನೂ ಬಿಗಿ ಮಾಡಿ, ಪೂರ್ವ ಯುರೋಪಿನವರಿಗೆ ಬಾಗಿಲನ್ನು ಹೆಚ್ಚುಕಡಿಮೆ ಮುಚ್ಚಿತು. ಮಿತಿಯೊಳಗೆ ಯಾರಿಗೆ ಮೊದಲ ಜಾಗ ಅನ್ನುವ ಪಟ್ಟಿಯಲ್ಲಿ ಪ್ರಜೆಗಳ ತಂದೆ, ತಾಯಿ, ಗಂಡ, ಹೆಂಡತಿ, ಮದುವೆಯಾಗದ ಮಕ್ಕಳು ಇದ್ದಾರೆ. ಅಜ್ಜಿ ಇಲ್ಲ. 1917ರಲ್ಲಿ ಬರೆದ ಪದವನ್ನು ಏಳೇ ವರ್ಷಕ್ಕೆ ಬಿಟ್ಟರು. ‘ಮುಂದಿನ ವರ್ಷ ಬರುತ್ತೇನೆ’ ಅಂತ ಊರಿನಲ್ಲಿ ಉಳಿದವರು ಅಲ್ಲೇ ಉಳಿದರು. 1941ರಿಂದ ಜರ್ಮನ್ನರು ಮತ್ತು ಅವರ ಜೊತೆಗಾರರು ಆ ಪೇಟೆಗಳಲ್ಲಿದ್ದ ಯಹೂದಿಗಳಲ್ಲಿ ಬಹುಪಾಲು ಜನರನ್ನು ಕೊಂದರು. ಹಾಗೆ ಸತ್ತ ಎಷ್ಟೋ ಜನರಿಗೆ ನೂಲು ಹಿಡಿದು ಅಳೆಯಲು ಸಮಾಧಿಯೂ ಇಲ್ಲ. ಕ್ವೀನ್ಸಿನ ಎಷ್ಟೋ ಕಲ್ಲಿನ ಬಾಗಿಲುಗಳ ಪಕ್ಕ ಆಮೇಲೆ ಇನ್ನೊಂದು ಕಲ್ಲು ನಿಂತಿತು, ಆ ಊರಿನಲ್ಲಿ ಸತ್ತ ಎಲ್ಲರಿಗಾಗಿ.

ಈಗ ಹೆಸರಿನ ವಿಷಯ. ಪೂರ್ವ ಯುರೋಪಿನ ಯಹೂದಿಗಳು ಬದುಕಿರುವವರ ಹೆಸರನ್ನು ಮಗುವಿಗೆ ಇಡುವುದಿಲ್ಲ. ಸತ್ತವರ ಹೆಸರು ಇಡುತ್ತಾರೆ. ಹಾಗಾಗಿ ಬೋಬೆ ಬದುಕಿರುವಷ್ಟು ಕಾಲ ಮನೆಯಲ್ಲಿ ಅವಳ ಹೆಸರಿನ ಮಗು ಹುಟ್ಟುವುದಿಲ್ಲ. ಅವಳು ಹೋದ ಮೇಲೆ ಹುಟ್ಟಿದ ಮೊದಲ ಹೆಣ್ಣುಮಗು ಅವಳದು. ಗೋಲ್ಡೆ ಅನ್ನುವ ಬೋಬೆ ಸತ್ತ ವರ್ಷ ಹುಟ್ಟಿದ ಮರಿಮಗಳು ಶಾಲೆಯ ರಿಜಿಸ್ಟರಿನಲ್ಲಿ ಗ್ಲಾಡಿಸ್ ಆಗಿರಬಹುದು. ರಿವ್ಕೆ ಇದ್ದದ್ದು ರೀಟಾ ಆಗಿರಬಹುದು. ಮೊದಲ ಅಕ್ಷರ ಮಾತ್ರ ಉಳಿದಿರುತ್ತದೆ. ಪ್ರಾರ್ಥನಾ ಮಂದಿರದಲ್ಲಿ ಇಡುವ ಹೆಸರು ಬೇರೆ. ಅದು ಪೂರ್ತಿ ಬೋಬೆಯದೇ. ಆ ಹೆಸರಿನಿಂದ ಮರಿಮಗಳನ್ನು ದಿನಾ ಯಾರೂ ಕರೆಯುವುದಿಲ್ಲ. ಮದುವೆಯ ಪತ್ರದಲ್ಲಿ ಒಮ್ಮೆ ಬರೆಯುತ್ತಾರೆ. ಕಾಯಿಲೆಯಾದಾಗ ಅವಳಿಗಾಗಿ ಪ್ರಾರ್ಥಿಸುವವರು ಆ ಹೆಸರು ಹೇಳುತ್ತಾರೆ. ಕೊನೆಗೆ ಕ್ವೀನ್ಸಿನ ಸ್ಮಶಾನದಲ್ಲಿ, ಊರಿನ ಹೆಸರು ಕೆತ್ತಿದ ಬಾಗಿಲಿನ ಒಳಗೆ, ಕಲ್ಲಿನ ಮೇಲೆ ಕೆಳಗಡೆ ಇಂಗ್ಲಿಷ್‌ನಲ್ಲಿ ಗ್ಲಾಡಿಸ್, ಮೇಲುಗಡೆ ಹೀಬ್ರೂ ಅಕ್ಷರದಲ್ಲಿ ಗೋಲ್ಡೆ.